ನಿಂತುಹೋದ ಡ್ಯಾನ್ಸ್ ಮ್ಯೂಸಿಕ್ ಕಾರ್ಯಕ್ರಮಗಳನ್ನು ದಾಖಲಿಸುವುದು ಹೇಗೆ: ಉಪಗ್ರಹ ರೇಡಿಯೊದ ಹಳೆಯ ಕೇಳುಗರಿಗೆ

ಉಪಗ್ರಹ ರೇಡಿಯೊದ ಡ್ಯಾನ್ಸ್ ಮ್ಯೂಸಿಕ್ ಚಾನೆಲ್‌ಗಳಲ್ಲಿ ಒಂದು ಕಾಲಕ್ಕೆ ವಾರ ತಪ್ಪದೆ ಬರುತ್ತಿದ್ದು ಈಗ ಕೇಳಸಿಗದ ಕಾರ್ಯಕ್ರಮಗಳ ಪಟ್ಟಿಯೊಂದನ್ನು ಮಾಡಿಡಬೇಕೆಂಬ ಆಸೆ ಮುಂಬಯಿ, ಪುಣೆ, ಗೋವೆಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿಯೂ ಕೆಲವರಿಗೆ ಇದೆ. 2007ರ ಡಿಸೆಂಬರಿನಲ್ಲಿ ಗೋವೆಯ ಕ್ಯಾಂಡೋಲಿಮ್‌ನಲ್ಲಿ ಸನ್‌ಬರ್ನ್ ಎಂಬ ಡ್ಯಾನ್ಸ್ ಸಂಗೀತದ ಉತ್ಸವ ಮೊದಲ ಬಾರಿ ನಡೆದಾಗ ಇಪ್ಪತ್ತು ಇಪ್ಪತ್ತೈದು ವಯಸ್ಸಿನವರಾಗಿದ್ದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಬಳಿ ಹಳೆಯ ಕ್ಯಾಸೆಟ್ಟುಗಳಿವೆ, ಅರೆಬರೆ ನೆನಪುಗಳಿವೆ, ಇಂಥ ಕೆಲಸಕ್ಕೆ ಬೇಕಾದ ಹಟವೂ ಇದೆ. ಆದರೆ ಕೈಯಿಂದ ಕೈಗೆ ದಾಟುತ್ತಿರುವ ಪಟ್ಟಿಗಳಲ್ಲಿ ಹೆಚ್ಚಿನವು ಕಾರ್ಯಕ್ರಮದ ಹೆಸರು, ಡಿಜೆಯ ಹೆಸರು, ಮುಂದೆ ‘ನಿಂತಿದೆ’ ಎಂಬ ಒಂದು ಷರಾ, ಇಷ್ಟರಲ್ಲೇ ಮುಗಿಯುತ್ತವೆ. ಅಂಥ ಪಟ್ಟಿಯಿಂದ ಯಾರಿಗೂ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಕಾರ್ಯಕ್ರಮ ಯಾವ ಬಗೆಯಲ್ಲಿ ನಿಂತಿತು ಮತ್ತು ಹಾಗೆಂದು ಹೇಳಲು ನಮ್ಮ ಬಳಿ ಇರುವ ಆಧಾರವೇನು ಎಂಬ ಎರಡು ಸಂಗತಿಗಳು ಸೇರಿದಾಗ ಮಾತ್ರ ಪಟ್ಟಿಯು ದಾಖಲೆಯಾಗುತ್ತದೆ. ಮುಂದಿನ ಸೂಚನೆಗಳೆಲ್ಲ ಆ ಎರಡನ್ನು ಸಾಧಿಸುವುದಕ್ಕಾಗಿಯೇ ಇವೆ.

ಮೊದಲು ನಿಂತ ಬಗೆಯನ್ನು ಗುರುತಿಸಿ

ಕಾರ್ಯಕ್ರಮವೊಂದು ಚಾನೆಲ್ಲಿನಿಂದ ಮಾಯವಾಗುವುದಕ್ಕೆ ಹಲವು ದಾರಿಗಳಿವೆ. ಅವನ್ನು ಒಂದೇ ಖಾನೆಗೆ ತುಂಬಿದರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ.

ನಡೆಸುವವರೇ ಒಂದು ಹೆಸರನ್ನು ಮುಗಿಸಿ ಇನ್ನೊಂದನ್ನು ಆರಂಭಿಸುವುದು ಮೊದಲನೆಯ ಬಗೆ. ಇದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆಯೇ ಇದೆ. ಬ್ರಿಟನ್ನಿನ ಅಬವ್ ಅಂಡ್ ಬಿಯಾಂಡ್ ತಂಡವು 2004ರಿಂದ ನಡೆಸುತ್ತಿದ್ದ ‘ಟ್ರಾನ್ಸ್ ಅರೌಂಡ್ ದ ವರ್ಲ್ಡ್’ ಎಂಬ ವಾರದ ಕಾರ್ಯಕ್ರಮದ ಕೊನೆಯ ಕಂತಾದ 450ನೆಯದು 2012ರ ನವೆಂಬರ್ 10ರಂದು ಬೆಂಗಳೂರಿನಿಂದಲೇ ಪ್ರಸಾರವಾಯಿತು. ಮರುವಾರ, ನವೆಂಬರ್ 16ರಂದು, ಅದೇ ತಂಡದ ‘ಗ್ರೂಪ್ ಥೆರಪಿ’ಯ ಮೊದಲ ಕಂತು ಬಂತು. ಇದನ್ನು ‘ನಿಂತಿತು’ ಎಂದಷ್ಟೇ ಬರೆದರೆ ಓದುವವನು ತಂಡವೇ ರೇಡಿಯೊ ಬಿಟ್ಟಿತೆಂದು ತಿಳಿಯುತ್ತಾನೆ. ‘ಹೆಸರು ಬದಲಾಗಿ ಮುಂದುವರಿಯಿತು’ ಎಂದು ಬರೆದರೆ ಸರಿಯಾದ ಚಿತ್ರ ಸಿಗುತ್ತದೆ. (ಇದೇ ತಂಡದ ಧ್ವನಿಮುದ್ರಣ ಸಂಸ್ಥೆ ಅಂಜುನಾಬೀಟ್ಸ್‌ನ ಹೆಸರು ಗೋವೆಯ ಅಂಜುನಾ ಕಡಲತೀರದಿಂದ ಬಂದದ್ದು. ಮಾಪುಸಾದ ಆಚೆಗಿನ ಒಂದು ಹಳ್ಳಿಯ ಹೆಸರು ಲಂಡನ್ನಿನ ಹಾಡಿನ ತಟ್ಟೆಗಳ ಮೇಲೆ ಅಚ್ಚಾದದ್ದನ್ನು ಕಂಡು ಗೋವೆಯ ಗೆಳೆಯರು ಇಂದಿಗೂ ಹೆಮ್ಮೆಪಡುತ್ತಾರೆ.)

ಚಾನೆಲ್ಲೇ ಮುಚ್ಚಿ ಅದರೊಳಗಿನ ಕಾರ್ಯಕ್ರಮಗಳು ಚದುರುವುದು ಎರಡನೆಯ ಬಗೆ. ಅಮೆರಿಕದ ಸಿರಿಯಸ್ ಮತ್ತು ಎಕ್ಸ್‌ಎಂ ಎಂಬ ಎರಡು ಉಪಗ್ರಹ ರೇಡಿಯೊ ಸಂಸ್ಥೆಗಳು 2008ರ ಜುಲೈ ಕೊನೆಯಲ್ಲಿ ಒಂದಾದವು. ಆದರೆ ಅವುಗಳ ಚಾನೆಲ್ ಪಟ್ಟಿಗಳು ಒಂದಾದದ್ದು ಅದೇ ವರ್ಷದ ನವೆಂಬರ್ 12ರಂದು. ಆ ದಿನ ಸಿರಿಯಸ್‌ನ ‘ದ ಬೀಟ್’ ಎಂಬ ಡ್ಯಾನ್ಸ್ ಚಾನೆಲ್ ಇಲ್ಲವಾಗಿ ಎಕ್ಸ್‌ಎಂನ ‘ಬಿಪಿಎಂ’ ಅದರ ಜಾಗಕ್ಕೆ ಬಂತು. ಹಾಗಾಗಿ 2008ರ ನವೆಂಬರಿನಲ್ಲಿ ಕಾಣೆಯಾದ ಕಾರ್ಯಕ್ರಮದ ಬಗ್ಗೆ ಬರೆಯುವಾಗ, ಅದನ್ನು ಯಾರಾದರೂ ಬೇಕೆಂದೇ ನಿಲ್ಲಿಸಿದರೋ, ಅಥವಾ ಚಾನೆಲ್ಲಿನ ಜೊತೆಗೆ ಅದೂ ಹೋಯಿತೋ ಎಂಬುದನ್ನು ಬೇರೆಯಾಗಿ ನೋಡಬೇಕು. ಡ್ಯಾನ್ಸ್ ಸಂಗೀತದ ಒಂದು ಬಗೆಯಾದ ಟ್ರಾನ್ಸ್‌ಗೆಂದೇ ಇದ್ದ ಚಾನೆಲ್ಲಿನ ಕಥೆ ಇನ್ನೂ ತೊಡಕಿನದು. ಅದು ‘ಏರಿಯಾ 33’ ಆಗಿ, ‘ಏರಿಯಾ 38’ ಆಗಿ, ಮುಂದೆ ‘ಎಲೆಕ್ಟ್ರಿಕ್ ಏರಿಯಾ’ ಆಯಿತು. 2018ರಲ್ಲಿ ಅದರ ಜಾಗಕ್ಕೆ ‘ಡಿಪ್ಲೋಸ್ ರೆವಲ್ಯೂಷನ್’ ಬಂತು. ಹೆಸರಿನ ಪಕ್ಕದ ಅಂಕಿಯು ಚಾನೆಲ್ ಸಂಖ್ಯೆಯನ್ನೇ ಸೂಚಿಸುತ್ತಿದ್ದರಿಂದ, ಸಂಖ್ಯೆ ಬದಲಾದಾಗ ಹೆಸರೂ ಬದಲಾಗಿದೆ. ಇದನ್ನು ತಿಳಿಯದವರ ಪಟ್ಟಿಯಲ್ಲಿ ಒಂದೇ ಕಾರ್ಯಕ್ರಮ ಮೂರು ಚಾನೆಲ್‌ಗಳಲ್ಲಿ ಮೂರು ಬಾರಿ ‘ನಿಂತಂತೆ’ ಕಾಣುತ್ತದೆ.

ಮೂರನೆಯ ಬಗೆಯಲ್ಲಿ ಕಾರ್ಯಕ್ರಮ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಆದರೆ ಈ ಚಾನೆಲ್ ಅದನ್ನು ಕೈಬಿಟ್ಟಿರುತ್ತದೆ. ಡಿಜೆಗಳ ವಾರದ ಕಾರ್ಯಕ್ರಮಗಳು ಏಕಕಾಲಕ್ಕೆ ಹಲವು ದೇಶಗಳ ಕೇಂದ್ರಗಳಿಗೆ ಹಂಚಿಕೆಯಾಗುವುದು ಈ ಕ್ಷೇತ್ರದ ರೂಢಿ. ಟಿಯೆಸ್ಟೊ ಅವರ ‘ಕ್ಲಬ್ ಲೈಫ್’ ಹಾಲೆಂಡಿನ ರೇಡಿಯೊ 538ರಲ್ಲಿ 2007ರಲ್ಲಿ ಆರಂಭವಾಗಿ ಬೇರೆ ಬೇರೆ ಕಡೆ ಹರಡಿದ್ದು ಇದಕ್ಕೆ ಮಾದರಿ. ಇಂಥವುಗಳ ಎದುರು ‘ಈ ಚಾನೆಲ್ಲಿನಲ್ಲಿ ನಿಂತಿತು, ಬೇರೆಡೆ ನಡೆದಿತ್ತು’ ಎಂದೇ ಬರೆಯಬೇಕು. ನಾಲ್ಕನೆಯ ಬಗೆಯಲ್ಲಿ ಪ್ರಸಾರದ ಸೇವೆಯೇ ನೆಲಕಚ್ಚುತ್ತದೆ. ಭಾರತದ ಕೇಳುಗರಿಗೆ ನೇರವಾಗಿ ಸಂಬಂಧಿಸಿದ್ದು ಇದೇ.

ವರ್ಲ್ಡ್‌ಸ್ಪೇಸ್‌ನಿಂದ ಆರಂಭಿಸುವುದು ಒಳ್ಳೆಯದು

ಸಿರಿಯಸ್ ಎಕ್ಸ್‌ಎಂ ಉಪಗ್ರಹಗಳ ಸಂಕೇತವು ಉತ್ತರ ಅಮೆರಿಕಕ್ಕಷ್ಟೇ ಸೀಮಿತ. ನಮ್ಮಲ್ಲಿ ಆಕಾಶದಿಂದ ನೇರವಾಗಿ ಕೇಳಿದ್ದು ವರ್ಲ್ಡ್‌ಸ್ಪೇಸನ್ನು ಮಾತ್ರ. ನೋವಾ ಸಮಾರಾ 1990ರಲ್ಲಿ ಕಟ್ಟಿದ ಈ ಸಂಸ್ಥೆಯು 1998ರಲ್ಲಿ ಆಫ್ರಿಸ್ಟಾರ್ ಉಪಗ್ರಹವನ್ನೂ 2000ದ ಮಾರ್ಚಿನಲ್ಲಿ ಏಷ್ಯಾಸ್ಟಾರ್ ಉಪಗ್ರಹವನ್ನೂ ಹಾರಿಸಿತು. ಭಾರತದ ಕಚೇರಿ ಬೆಂಗಳೂರಿನಲ್ಲಿತ್ತು, ಎ.ಆರ್. ರೆಹಮಾನ್ ಪ್ರಚಾರ ರಾಯಭಾರಿಯಾಗಿದ್ದರು, ಕನ್ನಡಕ್ಕೆಂದೇ ‘ಸ್ಪರ್ಶ’ ಎಂಬ ಚಾನೆಲ್ ಇತ್ತು. ಡ್ಯಾನ್ಸ್ ಮತ್ತು ಎಲೆಕ್ಟ್ರಾನಿಕ್ ಸಂಗೀತದ ಚಾನೆಲ್ಲಿನ ಹೆಸರು ‘ದ ಸಿಸ್ಟಮ್’. ಅದು ಕೆಲಕಾಲ ಅಮೆರಿಕದಲ್ಲಿ ಎಕ್ಸ್‌ಎಂನ ಪಟ್ಟಿಯಲ್ಲಿಯೂ ಇದ್ದುದರಿಂದ, ಮಾಟುಂಗದಲ್ಲಿ ಕೇಳಿದ ಕಾರ್ಯಕ್ರಮಕ್ಕೆ ಅಮೆರಿಕದ ದಾಖಲೆಗಳಲ್ಲಿ ಸಾಕ್ಷ್ಯ ಸಿಗುವ ಸಾಧ್ಯತೆಯಿದೆ. ಹುಡುಕುವವರು ಈ ಅನುಕೂಲವನ್ನು ಬಿಡಬಾರದು. ಮೂಲ ಸಂಸ್ಥೆಯು 2008ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆ ಕೋರಿತು. ಭಾರತದ ಸೇವೆಯು 2009ರ ಡಿಸೆಂಬರ್ 31ಕ್ಕೆ ಮುಗಿಯಿತು. ಆಗ ಇಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದರು.

ಈ ಡಿಸೆಂಬರ್ 31 ಒಂದು ಉಪಯುಕ್ತ ಗಡಿ. ಭಾರತದಲ್ಲಿ ಉಪಗ್ರಹದಿಂದ ಕೇಳಿದ ಯಾವ ಕಾರ್ಯಕ್ರಮವೂ ಆ ದಿನಾಂಕದ ಆಚೆಗೆ ಹೋಗಲಾರದು. ಯಾರಾದರೂ 2010ರ ಗಣೇಶೋತ್ಸವದಲ್ಲಿ ವರ್ಲ್ಡ್‌ಸ್ಪೇಸಿನಲ್ಲಿ ಕೇಳಿದೆನೆಂದರೆ, ಅವರು ಕೇಳಿದ್ದು ಇಂಟರ್‌ನೆಟ್ ಮೂಲಕವೋ, ಮುದ್ರಿಸಿಟ್ಟ ಕ್ಯಾಸೆಟ್ಟಿನಿಂದಲೋ ಆಗಿರಬೇಕು.

ಏಷ್ಯಾಸ್ಟಾರ್ ಇದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಮುಂಬಯಿಯಿಂದ ನೋಡಿದರೆ ಅದು ಪೂರ್ವಕ್ಕೂ ಆಗ್ನೇಯಕ್ಕೂ ನಡುವಿನ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 45 ಡಿಗ್ರಿ ಎತ್ತರದಲ್ಲಿ ಬರುತ್ತದೆ. ವರ್ಲ್ಡ್‌ಸ್ಪೇಸ್ ರಿಸೀವರಿನ ಅಂಗೈಯಗಲದ ಆಂಟೆನಾಕ್ಕೆ ಆಕಾಶ ನೇರವಾಗಿ ಕಾಣಲೇಬೇಕಿತ್ತು. ಸಮುದ್ರದ ಕಡೆಗೆ, ಎಂದರೆ ಪಶ್ಚಿಮಕ್ಕೆ ಮಾತ್ರ ಕಿಟಕಿಗಳಿರುವ ಫ್ಲ್ಯಾಟಿನಲ್ಲಿ ಸಂಕೇತ ಸಿಗುತ್ತಿರಲಿಲ್ಲ. ಹಳೆಯ ಕೇಳುಗರ ನೆನಪನ್ನು ಪರೀಕ್ಷಿಸಲು ಇದೊಂದು ಸದ್ದಿಲ್ಲದ ಅಳತೆಗೋಲು: ಆಂಟೆನಾವನ್ನು ಯಾವ ಕಿಟಕಿಯಲ್ಲಿ ಇಟ್ಟಿದ್ದರೆಂದು ಕೇಳಿ. ಪೂರ್ವದ ಬಾಲ್ಕನಿಯೋ ತಾರಸಿಯೋ ಎಂಬ ಉತ್ತರ ಬಂದರೆ ಅವರು ಉಪಗ್ರಹದಿಂದಲೇ ಕೇಳಿದ್ದಾರೆಂದು ನಂಬಬಹುದು.

ಕಾಗದದ ಪುರಾವೆ ಎಲ್ಲಿ ಸಿಗುತ್ತದೆ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಹಳೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು, ಚೋರ್ ಬಜಾರಿನ ಮಟನ್ ಸ್ಟ್ರೀಟ್, ಪುಣೆಯ ಜೂನಾ ಬಜಾರ್, ತಾಪಕೀರ್ ಗಲ್ಲಿ, ಮಾಪುಸಾದ ಶುಕ್ರವಾರದ ಸಂತೆ, ಇವೆಲ್ಲ ಹಳೆಯ ರಿಸೀವರ್ ಅರಸಬಹುದಾದ ಜಾಗಗಳು. ರಿಸೀವರಿಗಾಗಿ ಹೆಚ್ಚು ಹಣ ಕೊಡಬೇಡಿ. ಸೇವೆಯೇ ಇಲ್ಲದ ಮೇಲೆ ಅದರಿಂದ ಉಪಗ್ರಹದ ಸದ್ದು ಹೊರಡುವುದಿಲ್ಲ. ನಿಮಗೆ ಬೇಕಾದದ್ದು ಅದರ ಡಬ್ಬಿಯೊಳಗೆ ಉಳಿದಿರಬಹುದಾದ ಚಾನೆಲ್ ಕೈಪಿಡಿ, ಚಂದಾದಾರಿಕೆಯ ರಸೀದಿ, ಹಿಂದಿನ ಮಾಲೀಕ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ ವೇಳಾಪಟ್ಟಿ. ಅಂಗಡಿಯವನು ಡಬ್ಬಿ ಬಿಸಾಕಿ ಯಂತ್ರವನ್ನು ಒರೆಸಿಡುತ್ತಾನಾದ್ದರಿಂದ, ‘ಡಬ್ಬಿ ಸಮೇತ ಬಂದರೆ ತಿಳಿಸಿ’ ಎಂದು ಮೊದಲೇ ಹೇಳಿಟ್ಟಿರುವುದು ಜಾಣತನ.

ಪತ್ರಿಕೆಗಳಿಗೆ ಮುಂಬಯಿಯವರು ಹಾರ್ನಿಮನ್ ಸರ್ಕಲ್ಲಿನ ಟೌನ್ ಹಾಲಿನಲ್ಲಿರುವ ಏಷ್ಯಾಟಿಕ್ ಸೊಸೈಟಿಯನ್ನೂ, ಪಣಜಿಯವರು ಪಾಟೊದಲ್ಲಿರುವ ಕೃಷ್ಣದಾಸ್ ಶಾಮಾ ರಾಜ್ಯ ಕೇಂದ್ರ ಗ್ರಂಥಾಲಯವನ್ನೂ, ಪುಣೆಯವರು ವಿಶ್ವವಿದ್ಯಾಲಯದ ಜಯಕರ್ ಗ್ರಂಥಾಲಯವನ್ನೂ ವಿಚಾರಿಸಬಹುದು. 2005ರಿಂದ 2009ರ ನಡುವಿನ ನಗರ ಪುರವಣಿಗಳಲ್ಲಿ ರೇಡಿಯೊ ಸುದ್ದಿ ಬರುತ್ತಿತ್ತು. ಸೇವೆ ಮುಚ್ಚುವ ಸುದ್ದಿಗೆ 2009ರ ಡಿಸೆಂಬರ್ ಕೊನೆಯ ವಾರವನ್ನೂ 2010ರ ಜನವರಿಯ ಮೊದಲ ವಾರವನ್ನೂ ನೋಡುವುದು ಕಡ್ಡಾಯ.

ಇಂಟರ್‌ನೆಟ್ಟಿನಲ್ಲಿ ಮೊದಲ ಆಸರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಚಾನೆಲ್ಲಿನ ಆಗಿನ ವೇಳಾಪಟ್ಟಿ ಪುಟದ ಹಳೆಯ ನಕಲುಗಳನ್ನು ಅಲ್ಲಿ ದಿನಾಂಕವಾರು ನೋಡಬಹುದು. ಇದನ್ನು ಬಳಸುವಾಗ ಒಂದು ನಿಯಮವನ್ನು ಬಿಡದೆ ಪಾಲಿಸಬೇಕು: ನಕಲು ಮಾಡಿಕೊಂಡ ದಿನವೇ ಪುಟ ಬದಲಾದ ದಿನವಲ್ಲ. ಮಾರ್ಚ್ 3ರ ನಕಲಿನಲ್ಲಿ ಕಾರ್ಯಕ್ರಮದ ಹೆಸರಿದ್ದು ಜೂನ್ 19ರ ನಕಲಿನಲ್ಲಿ ಇಲ್ಲವಾದರೆ, ನಿಮಗೆ ತಿಳಿದದ್ದು ‘ಮಾರ್ಚ್ 3ರ ನಂತರ, ಜೂನ್ 19ರ ಮೊದಲು’ ಎಂಬಷ್ಟೇ. ಹಾಗೆಯೇ ಬರೆಯಿರಿ. ಎರಡರ ನಡುವಿನ ಒಂದು ತಿಂಗಳನ್ನು ಊಹಿಸಿ ತುಂಬುವ ಚಪಲ ಎಲ್ಲರಿಗೂ ಬರುತ್ತದೆ. ಅದಕ್ಕೆ ಮಣಿದವರ ಪಟ್ಟಿಗಳಿಂದಲೇ ಇಂದು ಓಡಾಡುತ್ತಿರುವ ತಪ್ಪು ದಿನಾಂಕಗಳು ಹುಟ್ಟಿವೆ.

ಎರಡನೆಯ ಆಸರೆಯನ್ನು ಸಂಗೀತಪ್ರಿಯರು ಸಾಮಾನ್ಯವಾಗಿ ಮರೆಯುತ್ತಾರೆ. ಎಕ್ಸ್‌ಎಂ, ಸಿರಿಯಸ್, ವರ್ಲ್ಡ್‌ಸ್ಪೇಸ್ ಮೂರೂ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಯಲ್ಲಿದ್ದ ಕಂಪನಿಗಳು. ಆದ್ದರಿಂದ ಅವು ಅಲ್ಲಿನ ಷೇರು ನಿಯಂತ್ರಣ ಆಯೋಗಕ್ಕೆ ಪ್ರತಿವರ್ಷ ವರದಿ ಕೊಡಲೇಬೇಕಿತ್ತು. ಎಡ್ಗರ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಆ ವರದಿಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಲೆಕ್ಕಪತ್ರಗಳ ನಡುವೆ ಆ ವರ್ಷದ ಚಾನೆಲ್‌ಗಳ ವಿವರವೂ ಇರುತ್ತದೆ. ವಾರದ ಕಾರ್ಯಕ್ರಮದ ಹೆಸರು ಅಲ್ಲಿ ಸಿಗುವುದು ಅಪರೂಪ. ಆದರೆ ಚಾನೆಲ್ಲಿನ ಹೆಸರು ಯಾವ ವರ್ಷ ಇತ್ತು, ಯಾವ ವರ್ಷ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇರೆಯಿಲ್ಲ, ಏಕೆಂದರೆ ಇದಕ್ಕೆ ಕಾನೂನಿನ ಹೊಣೆ ಇದೆ.

ದಿನಾಂಕದ ಲೆಕ್ಕ

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ.

ಅಮೆರಿಕದವರು ತಿಂಗಳನ್ನು ಮೊದಲು ಬರೆದು ದಿನವನ್ನು ಆಮೇಲೆ ಬರೆಯುತ್ತಾರೆ. ಬೆಂಗಳೂರಿನ ಆ ಕೊನೆಯ ಕಂತು ನಮ್ಮ ಕ್ರಮದಲ್ಲಿ 10/11/2012, ಅವರ ಕ್ರಮದಲ್ಲಿ 11/10/2012. ಎರಡನ್ನೂ ಬೆರೆಸಿದರೆ ಕಾರ್ಯಕ್ರಮ ಒಂದು ತಿಂಗಳು ಮೊದಲೇ, ಅಕ್ಟೋಬರ್ 11ಕ್ಕೆ ಮುಗಿದುಹೋಗುತ್ತದೆ. ದಿನದ ಅಂಕಿ 12ನ್ನು ದಾಟಿದಾಗ ಗೊಂದಲವಿರುವುದಿಲ್ಲ, 12ರ ಒಳಗಿದ್ದಾಗ ಮಾತ್ರ ಮೋಸ. ಅದಕ್ಕಾಗಿ ದಾಖಲೆಯಲ್ಲಿ ತಿಂಗಳನ್ನು ಅಕ್ಷರಗಳಲ್ಲಿ ಬರೆಯಿರಿ, ಅಥವಾ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ 2012-11-10 ಎಂದು ಬರೆಯಿರಿ.

ಇನ್ನು ಗಡಿಯಾರ. ನ್ಯೂಯಾರ್ಕಿನ ಶುಕ್ರವಾರ ರಾತ್ರಿ 10 ಗಂಟೆಯು ಅಲ್ಲಿನ ಬೇಸಿಗೆ ಸಮಯದಲ್ಲಿ ನಮಗೆ ಶನಿವಾರ ಬೆಳಗಿನ 7.30, ಚಳಿಗಾಲದಲ್ಲಿ 8.30. ಎರಡೂ ಶನಿವಾರವೇ ಆಗಿರುವುದರಿಂದ ಇಲ್ಲಿ ದಿನ ತಪ್ಪುವುದಿಲ್ಲ. ಯೂರೋಪಿನ ಕಾರ್ಯಕ್ರಮಗಳಲ್ಲಿ ಹಾಗಲ್ಲ. ಆಮ್‌ಸ್ಟರ್‌ಡ್ಯಾಮಿನ ಗುರುವಾರ ರಾತ್ರಿ 8 ಗಂಟೆ ಬೇಸಿಗೆಯಲ್ಲಿ ನಮಗೆ ಗುರುವಾರ ರಾತ್ರಿ 11.30, ಚಳಿಗಾಲದಲ್ಲಿ ಶುಕ್ರವಾರ ನಸುಕಿನ 12.30. ಎಂದರೆ ಒಂದೇ ಕಾರ್ಯಕ್ರಮವು ವರ್ಷದಲ್ಲಿ ಸುಮಾರು ಏಳು ತಿಂಗಳು ಗುರುವಾರದ್ದು, ಉಳಿದ ಐದು ತಿಂಗಳು ಶುಕ್ರವಾರದ್ದು. ಪುಣೆಯ ಕೇಳುಗನೊಬ್ಬ ತನ್ನ ಡೈರಿಯಲ್ಲಿ ‘ಶುಕ್ರವಾರ’ ಎಂದು ಬರೆದಿದ್ದರೆ ಅವನನ್ನು ತಪ್ಪೆನ್ನುವ ಮೊದಲು ತಿಂಗಳು ನೋಡಿ. ಅಮೆರಿಕ ಮತ್ತು ಯೂರೋಪ್ ಗಡಿಯಾರ ತಿರುಗಿಸುವ ದಿನಗಳೂ ಬೇರೆ ಬೇರೆ. ಯೂರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳು. ಅಮೆರಿಕದಲ್ಲಿ 2007ರಿಂದ ಮಾರ್ಚಿನ ಎರಡನೆಯ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ, ಅದಕ್ಕೂ ಮೊದಲು ಏಪ್ರಿಲಿನ ಮೊದಲ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳು. ದಾಖಲೆಯಲ್ಲಿ ಮೂಲ ಊರಿನ ದಿನವನ್ನೂ ಭಾರತದ ದಿನವನ್ನೂ ಎರಡು ಖಾನೆಗಳಲ್ಲಿ ಇಟ್ಟುಬಿಟ್ಟರೆ ಜಗಳವಿಲ್ಲ.

ಕಂತಿನ ಸಂಖ್ಯೆಯಿಂದ ದಿನಾಂಕ ಹುಡುಕುವ ಉಪಾಯವನ್ನು ಅನೇಕರು ಬಳಸುತ್ತಾರೆ. ವಾರಕ್ಕೊಂದು ಕಂತೆಂದರೆ ಎಣಿಸಿದರಾಯಿತು ಎಂಬ ಲೆಕ್ಕ. ‘ಗ್ರೂಪ್ ಥೆರಪಿ’ಯ ಮೊದಲ ಕಂತು 2012ರ ನವೆಂಬರ್ 16ಕ್ಕೆ ಬಂದಿದ್ದರೆ ನೂರನೆಯದು 99 ವಾರಗಳ ನಂತರ, 2014ರ ಅಕ್ಟೋಬರ್ 10ಕ್ಕೆ ಬರಬೇಕು. ಆದರೆ ನೂರನೆಯ ಕಂತು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದದ್ದು ಅಕ್ಟೋಬರ್ 18ಕ್ಕೆ. ಎರಡು ವರ್ಷದೊಳಗೇ ಒಂದು ವಾರಕ್ಕೂ ಹೆಚ್ಚು ಜಾರಿದೆ. ಆರ್ಮಿನ್ ವಾನ್ ಬ್ಯೂರೆನ್ ಅವರ ‘ಎ ಸ್ಟೇಟ್ ಆಫ್ ಟ್ರಾನ್ಸ್’ 2001ರ ನಡುವಿನಲ್ಲಿ ಆರಂಭವಾಗಿ ಸಾವಿರದ ಕಂತನ್ನು ಮುಟ್ಟಿದ್ದು 2021ರ ಜನವರಿಯಲ್ಲಿ. ವಾರಗಳನ್ನು ಎಣಿಸಿದರೆ ಸಾವಿರವನ್ನು ಇಪ್ಪತ್ತರಷ್ಟಾದರೂ ದಾಟುತ್ತದೆ. ಹಬ್ಬದ ರಜೆ, ವಿಶೇಷ ಪ್ರಸಾರ, ಮರುಪ್ರಸಾರ, ಸಂಖ್ಯೆಯಿಲ್ಲದ ಕಂತು, ಕಾರಣ ಯಾವುದೇ ಇರಲಿ, ಎಣಿಕೆಯಿಂದ ಸಿಗುವುದು ಆಸುಪಾಸಿನ ತಿಂಗಳು ಮಾತ್ರ. ಅದನ್ನು ‘ಲೆಕ್ಕದಿಂದ’ ಎಂಬ ಗುರುತಿನೊಡನೆ ಬರೆಯಬಹುದು, ದಿನಾಂಕವೆಂದು ಬರೆಯಕೂಡದು.

ಮರುಪ್ರಸಾರವನ್ನು ಕೊನೆಯ ಪ್ರಸಾರವೆಂದು ತಿಳಿಯುವ ಅಪಾಯವೂ ಇದೆ. ವೇಳಾಪಟ್ಟಿಯಲ್ಲಿ ಹೆಸರು ಉಳಿದಿದ್ದು ಒಳಗೆ ಹಳೆಯ ಕಂತುಗಳೇ ಸುತ್ತುತ್ತಿರುವುದು ಉಂಟು. ಕಂತಿನ ಹಾಡುಪಟ್ಟಿ ಸಿಕ್ಕಿದರೆ ಅದರಲ್ಲಿನ ಅತಿ ಹೊಸ ಹಾಡು ಬಿಡುಗಡೆಯಾದ ಕಾಲವನ್ನು ನೋಡಿ. ಡಿಜೆಗಳು ಹೊಸ ಹಾಡನ್ನು ಬಿಡುಗಡೆಗೆ ಮುಂಚೆಯೇ ಹಾಕುವುದು ರೂಢಿಯಾದ್ದರಿಂದ ಹಾಡು ಪ್ರಸಾರಕ್ಕಿಂತ ಕೆಲವು ವಾರ ತಡವಾಗಿ ಅಂಗಡಿಗೆ ಬಂದಿರಬಹುದು. ಆದರೆ ಎಲ್ಲ ಹಾಡುಗಳೂ ಎರಡು ವರ್ಷ ಹಳೆಯವಾಗಿದ್ದರೆ ನೀವು ನೋಡುತ್ತಿರುವುದು ಮರುಪ್ರಸಾರವನ್ನೇ.

ಜನರನ್ನು ಕೇಳುವಾಗ

ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಸಮಾರಂಭ ಮುಗಿದ ಮೇಲೆ, ಪುಣೆಯ ಕನ್ನಡ ಸಂಘದ ಅಂಗಳದಲ್ಲಿ, ವಾಸ್ಕೋದ ಯಾವುದಾದರೂ ಮನೆಯ ಗೃಹಪ್ರವೇಶದಲ್ಲಿ ಒಬ್ಬ ಹಳೆಯ ಕೇಳುಗ ಸಿಗುವುದು ಕಷ್ಟವಲ್ಲ. ಹೋಟೆಲಿನಲ್ಲೋ ಜಿಮ್ಮಿನಲ್ಲೋ ಇಡೀ ದಿನ ಈ ಚಾನೆಲ್ ಹಾಕಿಡುತ್ತಿದ್ದವರು ಸಿಕ್ಕಿದರೆ ಇನ್ನೂ ಒಳ್ಳೆಯದು, ಅವರಿಗೆ ದಿನದ ಯಾವ ಹೊತ್ತಿಗೆ ಯಾವುದು ಬರುತ್ತಿತ್ತೆಂಬುದು ಬಾಯಿಪಾಠ. ಆದರೆ ‘ಯಾವಾಗ ನಿಂತಿತು?’ ಎಂದು ಕೇಳಿದರೆ ‘ಒಂದು 2007, 2008 ಇರಬಹುದು’ ಎಂಬ ಉತ್ತರವೇ ಬರುತ್ತದೆ. ನೆನಪನ್ನು ಬೇರೊಂದು ಘಟನೆಗೆ ಕಟ್ಟಿ ಕೇಳಬೇಕು. 2005ರ ಜುಲೈ 26ರ ಮಹಾಮಳೆಗೆ ಮುಂಚೆಯೋ ಆಮೇಲೆಯೋ? 2007ರ ಸೆಪ್ಟೆಂಬರಿನಲ್ಲಿ ಧೋನಿಯ ತಂಡ ಟಿ20 ವಿಶ್ವಕಪ್ ಗೆದ್ದಾಗ ಆ ಕಾರ್ಯಕ್ರಮ ಬರುತ್ತಿತ್ತೇ? 2008ರ ನವೆಂಬರ್ 26ರ ದಾಳಿಯ ವಾರದಲ್ಲಿ ರೇಡಿಯೊದಲ್ಲಿ ಏನು ಕೇಳುತ್ತಿದ್ದಿರಿ? ಮನೆ ಬದಲಿಸಿದ ವರ್ಷವೂ ಚೆನ್ನಾಗಿ ಕೆಲಸಮಾಡುತ್ತದೆ: ‘ಶೆಟ್ರೇ, ಡೊಂಬಿವಲಿ ಮನೆಗೆ ಆಂಟೆನಾ ತಂದಿದ್ರೋ, ಸಯನ್ನಿನಲ್ಲೇ ಬಿಟ್ಟು ಬಂದ್ರೋ?’ ಎಂದರೆ ಒಪ್ಪಂದದ ಕಾಗದ ತೆಗೆದು ದಿನಾಂಕವನ್ನೇ ತೋರಿಸುವವರಿದ್ದಾರೆ.

ಹೆಸರನ್ನು ನೀವೇ ಮೊದಲು ಹೇಳಿಬಿಡಬೇಡಿ. ನೀವು ಹೇಳಿದ ಹೆಸರಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಒಬ್ಬರ ನೆನಪು ಒಂದು ಸುಳಿವು, ಪರಸ್ಪರ ಪರಿಚಯವಿಲ್ಲದ ಇಬ್ಬರ ನೆನಪು ಹೊಂದಿದರೆ ಆಗ ಅದನ್ನು ಆಧಾರದ ಖಾನೆಯಲ್ಲಿ ಬರೆಯಬಹುದು. ಒಂದೇ ಕಾಲೇಜಿನ ಇಬ್ಬರು ಗೆಳೆಯರನ್ನು ಇಬ್ಬರೆಂದು ಎಣಿಸಲಾಗದು.

ಕ್ಯಾಸೆಟ್ಟು ಸಿಕ್ಕಿದರೆ

ರಿಸೀವರಿನಿಂದ ಕ್ಯಾಸೆಟ್ಟಿಗೆ ಮುದ್ರಿಸಿಕೊಂಡ ಪ್ರತಿಯೇ ಅತ್ಯಂತ ಬೆಲೆಬಾಳುವ ಪುರಾವೆ, ಏಕೆಂದರೆ ಅದರಲ್ಲಿ ಚಾನೆಲ್ಲಿನ ಗುರುತುಧ್ವನಿ, ನಿರೂಪಕನ ಮಾತು, ಜಾಹೀರಾತು ಎಲ್ಲವೂ ಇರುತ್ತವೆ. ಆಮೇಲೆ ಪಾಡ್‌ಕಾಸ್ಟಾಗಿ ಹಂಚಿದ ಪ್ರತಿಯಲ್ಲಿ ಇವುಗಳನ್ನು ಕತ್ತರಿಸಿರುತ್ತಾರೆ.

ಮುಂಬಯಿ ಮತ್ತು ಗೋವೆಯ ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿದರೆ ಹೆಡ್ಡಿಗೆ ಅಂಟಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಆದ್ದರಿಂದ ಮೊದಲು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿದ ಡಬ್ಬಿಯಲ್ಲಿಟ್ಟು ಒಣಗಿಸಿ, ಹತ್ತಿಯಿಂದ ಮೆಲ್ಲಗೆ ಒರೆಸಿ, ಆಮೇಲೆ ಹಾಕಬೇಕು. ಈ ಕೆಲಸವನ್ನು ದೀಪಾವಳಿಯ ನಂತರ ಹಮ್ಮಿಕೊಂಡರೆ ಅರ್ಧ ತೊಂದರೆ ತಾನಾಗಿಯೇ ತಪ್ಪುತ್ತದೆ. ಡೆಕ್ಕಿನ ಹೆಡ್ಡು ಮತ್ತು ರಬ್ಬರ್ ರೋಲರುಗಳನ್ನು ಪ್ರತಿ ಕ್ಯಾಸೆಟ್ಟಿಗೂ ಮೊದಲು ಶುಚಿಮಾಡಿ. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸರಿ, ರಬ್ಬರಿಗೆ ಅದನ್ನು ಮಿತವಾಗಿ ಬಳಸಿ. ಡೆಕ್ಕಿನ ಲೈನ್ ಔಟಿನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ ತಂತಿ ಕೊಟ್ಟು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿಕೊಳ್ಳಿ. ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಫ್ಲ್ಯಾಕ್ ರೂಪಕ್ಕೆ ಬದಲಿಸಿದರೆ ಗುಣ ಕಳೆಯದೆ ಗಾತ್ರ ಗಣನೀಯವಾಗಿ ಇಳಿಯುತ್ತದೆ. ಹೆಡ್‌ಫೋನ್ ತೂತಿನಿಂದ ಮೊಬೈಲಿಗೆ ಮುದ್ರಿಸುವ ಸುಲಭದ ದಾರಿಯನ್ನು ಹಿಡಿಯದಿರುವುದು ಲೇಸು.

ಡೆಕ್ಕಿನ ವೇಗ ಸರಿಯಿದೆಯೇ ಎಂಬ ಪ್ರಶ್ನೆ ಡ್ಯಾನ್ಸ್ ಸಂಗೀತದಲ್ಲಿ ವಿಶೇಷವಾಗಿ ಏಳುತ್ತದೆ. ಶೇಕಡಾ 2ರಷ್ಟು ವೇಗ ಹೆಚ್ಚಾದರೂ ನಿಮಿಷಕ್ಕೆ 128 ತಾಳದ ಹಾಡು 130ನ್ನು ದಾಟಿಬಿಡುತ್ತದೆ. ಹಾಡಿನ ಸಿಡಿಯೊಡನೆ ಹೋಲಿಸಿ ವೇಗ ಸರಿಪಡಿಸಲು ಹೊರಡುವವರಿದ್ದಾರೆ. ಅದು ತಪ್ಪು ವಿಧಾನ, ಏಕೆಂದರೆ ಒಂದು ಹಾಡನ್ನು ಇನ್ನೊಂದಕ್ಕೆ ಬೆಸೆಯುವಾಗ ಡಿಜೆಯೇ ಅದರ ವೇಗವನ್ನು ಬದಲಿಸಿರುತ್ತಾನೆ. ಚಾನೆಲ್ಲಿನ ಗುರುತುಧ್ವನಿಯನ್ನು ಡಿಜೆ ಮುಟ್ಟುವುದಿಲ್ಲ. ಅದೇ ಗುರುತುಧ್ವನಿ ಇರುವ ಇನ್ನೊಂದು ನಂಬಲರ್ಹ ಪ್ರತಿಯೊಡನೆ ಅದರ ಅವಧಿಯನ್ನು ಹೋಲಿಸಿ.

ಕ್ಯಾಸೆಟ್ಟಿನ ಉದ್ದವೂ ಒಂದು ಸಂಗತಿಯನ್ನು ಹೇಳುತ್ತದೆ. ಈ ಕಾರ್ಯಕ್ರಮಗಳಲ್ಲಿ ಅನೇಕವು ಎರಡು ಗಂಟೆಯವು, ಮನೆಗಳಲ್ಲಿ ಇದ್ದದ್ದು 45 ನಿಮಿಷದ ಎರಡು ಮಗ್ಗುಲಿನ ಸಿ-90 ಕ್ಯಾಸೆಟ್ಟು. ಒಂದೇ ಕ್ಯಾಸೆಟ್ಟಿನಲ್ಲಿ ಮುದ್ರಿಸಿದವರ ಬಳಿ ಕೊನೆಯ ಅರ್ಧ ಗಂಟೆ ಇಲ್ಲ, ನಡುವೆ ಮಗ್ಗುಲು ತಿರುಗಿಸಿದ ಒಂದೆರಡು ನಿಮಿಷವೂ ಇಲ್ಲ. ‘ಮುಂದಿನ ವಾರದಿಂದ ಈ ಕಾರ್ಯಕ್ರಮ ಇರುವುದಿಲ್ಲ’ ಎಂಬ ಮಾತನ್ನು ನಿರೂಪಕ ಹೇಳುವುದೇ ಕೊನೆಯಲ್ಲಿ. ಹೀಗಾಗಿ ಕ್ಯಾಸೆಟ್ಟಿನಲ್ಲಿ ವಿದಾಯದ ಮಾತು ಇಲ್ಲದಿರುವುದನ್ನು ವಿದಾಯ ಹೇಳಲಿಲ್ಲವೆಂಬುದಕ್ಕೆ ಪುರಾವೆಯಾಗಿ ಬಳಸಲಾಗದು. ಮುದ್ರಿಕೆ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಕಡತದಲ್ಲೇ ಬರೆದಿಡಿ.

ಯಾರಾದರೂ ವೇವ್ ಕಡತ (ಸಂಕೋಚಿಸದ ಸದ್ದಿನ ಕಡತ) ಕೊಟ್ಟು ಮೂಲ ಪ್ರತಿ ಎಂದರೆ ಯಾವ ಸ್ವರ ಎಷ್ಟಿದೆ ಎಂಬುದನ್ನು ಚಿತ್ರವಾಗಿ ತೋರಿಸುವ ಆಡಾಸಿಟಿಯ ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ತೆರೆದು ನೋಡಿ. 16 ಕಿಲೋಹರ್ಟ್ಸ್ ಸುಮಾರಿಗೆ ಕತ್ತರಿಸಿದಂತೆ ಸದ್ದು ನಿಂತಿದ್ದರೆ ಅದು 128 ಕೆಬಿಪಿಎಸ್ ಆಸುಪಾಸಿನ ಎಂಪಿ3ಯನ್ನು ಹಿಗ್ಗಿಸಿದ್ದಿರಬಹುದು. ಹಾಗೆಂದು ಎಸೆಯಬೇಡಿ, ವರ್ಲ್ಡ್‌ಸ್ಪೇಸ್ ಪ್ರಸಾರವೇ ಎಂಪಿ3 ಬಗೆಯ ಸಂಕೋಚನದಲ್ಲಿತ್ತು. ಮೂಲದಲ್ಲೇ ಇಲ್ಲದ ಮೇಲ್ಸ್ವರಗಳನ್ನು ತಂತ್ರಾಂಶದಿಂದ ‘ಸುಧಾರಿಸುವ’ ಕೆಲಸಕ್ಕೆ ಮಾತ್ರ ಕೈಹಾಕಬೇಡಿ, ದಾಖಲೆಯ ಪ್ರತಿ ಬಂದಂತೆಯೇ ಇರಲಿ.

ಹಕ್ಕಿನ ಮಾತು

1957ರ ಹಕ್ಕುಸ್ವಾಮ್ಯ ಕಾಯ್ದೆಯ 39ನೇ ಕಲಮು ಸ್ವಂತ ಬಳಕೆಗೆ ಅಥವಾ ಪ್ರಾಮಾಣಿಕ ಸಂಶೋಧನೆಗೆ ಪ್ರಸಾರವನ್ನು ಮುದ್ರಿಸಿಕೊಳ್ಳಲು ಅವಕಾಶ ಕೊಡುತ್ತದೆ. 37ನೇ ಕಲಮಿನ ಪ್ರಕಾರ ಪ್ರಸಾರದ ಹಕ್ಕು ಪ್ರಸಾರವಾದ ವರ್ಷದ ಮರುವರ್ಷದಿಂದ 25 ವರ್ಷ ಇರುತ್ತದೆ. 2009ರ ಪ್ರಸಾರಕ್ಕೆ ಅದು 2034ರ ಕೊನೆಯವರೆಗೆ ಎಂದಾಯಿತು. ಒಳಗಿನ ಹಾಡುಗಳ ಧ್ವನಿಮುದ್ರಣಕ್ಕೆ 60 ವರ್ಷದ ಪ್ರತ್ಯೇಕ ಹಕ್ಕಿದೆ. ಆದ್ದರಿಂದ ಪಟ್ಟಿಯನ್ನು ಎಲ್ಲರಿಗೂ ಹಂಚಿ, ಸದ್ದನ್ನು ಹಂಚಬೇಡಿ. ಹೆಸರು, ದಿನಾಂಕ, ಕಂತಿನ ಸಂಖ್ಯೆಗಳ ಮೇಲೆ ಯಾರ ಹಕ್ಕೂ ಇಲ್ಲ.

ನಮೂದು ಬರೆಯುವ ಕ್ರಮ

ಒಂದು ಕಾರ್ಯಕ್ರಮಕ್ಕೆ ಒಂದೇ ಸಾಲು ಸಾಲದು, ಒಂದು ಹಾಳೆ ಕೊಡಿ. ಹಾಳೆಯ ತಲೆಯಲ್ಲಿ ಕಾರ್ಯಕ್ರಮದ ಹೆಸರು ಮತ್ತು ನಡೆಸಿದವರು, ಅದರ ಕೆಳಗೆ ಚಾನೆಲ್ಲಿನ ಹೆಸರು ಮತ್ತು ಸಂಖ್ಯೆ ಆ ದಿನ ಇದ್ದಂತೆ. ಬಿಪಿಎಂ ಎಕ್ಸ್‌ಎಂನಲ್ಲಿ 81 ಆಗಿದ್ದದ್ದು 2011ರ ಮರುಜೋಡಣೆಯ ನಂತರ 51 ಆಯಿತು. ಈಗಿನ ಸಂಖ್ಯೆಯನ್ನು 2005ರ ಕಾರ್ಯಕ್ರಮಕ್ಕೆ ಹಚ್ಚಿದರೆ ಓದುವವನು ಹಳೆಯ ಕೈಪಿಡಿಯಲ್ಲಿ ಅದನ್ನು ಎಂದಿಗೂ ಹುಡುಕಲಾರ. ಆಮೇಲೆ ‘ಗೊತ್ತಿರುವ ಮೊದಲ ಪ್ರಸಾರ’, ‘ಗೊತ್ತಿರುವ ಕೊನೆಯ ಪ್ರಸಾರ’ ಎಂಬ ಎರಡು ಸಾಲುಗಳು, ಎರಡನೆಯದರ ಎದುರು ಕಾರ್ಯಕ್ರಮ ಇರಲಿಲ್ಲವೆಂದು ಖಚಿತವಾದ ಮೊದಲ ದಿನ. ಆಮೇಲೆ ನಿಂತ ಬಗೆ. ಕೊನೆಯಲ್ಲಿ ಪ್ರತಿ ದಿನಾಂಕಕ್ಕೂ ಬೇರೆ ಬೇರೆಯಾಗಿ ಆಧಾರ: ಪತ್ರಿಕೆಯಾದರೆ ಹೆಸರು, ದಿನ, ಪುಟ, ನಕಲು ಪುಟವಾದರೆ ಅದರ ಪೂರ್ಣ ವಿಳಾಸ, ಕ್ಯಾಸೆಟ್ಟಾದರೆ ಯಾವ ಮಗ್ಗುಲಿನ ಎಷ್ಟನೆಯ ನಿಮಿಷ, ನೆನಪಾದರೆ ಹೇಳಿದವರು ಒಪ್ಪಿದ್ದರೆ ಅವರ ಹೆಸರು, ಇಲ್ಲವಾದರೆ ‘ಠಾಣೆಯ ಕೇಳುಗರು’ ಎಂಬಷ್ಟು.

ಮಾದರಿಗೆ ಮೇಲಿನ ಉದಾಹರಣೆಯನ್ನೇ, ಚಾನೆಲ್ ಮತ್ತು ಆಧಾರದ ಸಾಲುಗಳನ್ನು ಬಿಟ್ಟು, ಬರೆದರೆ ಹೀಗಾಗುತ್ತದೆ: ‘ಟ್ರಾನ್ಸ್ ಅರೌಂಡ್ ದ ವರ್ಲ್ಡ್. ನಡೆಸಿದವರು ಅಬವ್ ಅಂಡ್ ಬಿಯಾಂಡ್. ವಾರಕ್ಕೊಮ್ಮೆ, ಎರಡು ಗಂಟೆ. ಆರಂಭ 2004. ಕೊನೆಯ ಕಂತು 450, ಬೆಂಗಳೂರಿನಿಂದ, 2012-11-10. ನಿಂತ ಬಗೆ: ನಡೆಸುವವರೇ ಮುಗಿಸಿ ಹೆಸರು ಬದಲಿಸಿದರು. ಮುಂದಿನದು: ಗ್ರೂಪ್ ಥೆರಪಿ, 2012-11-16.’ ಇದರಲ್ಲಿ ಹೊಗಳಿಕೆಯಿಲ್ಲ, ಬೇಸರವಿಲ್ಲ, ‘ಜನಪ್ರಿಯ’ ಎಂಬ ವಿಶೇಷಣವಿಲ್ಲ. ಅವನ್ನು ಬರೆಯಬೇಕೆನ್ನಿಸಿದರೆ ಹಾಳೆಯ ಹಿಂಬದಿ ಖಾಲಿಯಿದೆ.

ಆಧಾರ ಸಿಗದ ಹೆಸರುಗಳು ಖಂಡಿತ ಉಳಿಯುತ್ತವೆ. ಅವನ್ನು ಅಳಿಸಬೇಡಿ, ಮುಖ್ಯ ಪಟ್ಟಿಯಲ್ಲೂ ಸೇರಿಸಬೇಡಿ. ಬೇರೆ ಕಡತವೊಂದರಲ್ಲಿ, ಯಾರು ಹೇಳಿದರು, ಯಾವ ಊರಿನಲ್ಲಿ ಕೇಳಿದ್ದು, ಯಾವ ಹೊತ್ತಿಗೆ ಬರುತ್ತಿತ್ತು ಎಂಬಷ್ಟನ್ನು ಬರೆದಿಡಿ. ನಿಂತ ಕಾರ್ಯಕ್ರಮ ಮತ್ತೆ ಆರಂಭವಾದರೆ ಹಳೆಯ ಹಾಳೆಯನ್ನು ತಿದ್ದಬಾರದು. ಅದರ ಕೆಳಗೆ ಹೊಸ ದಿನಾಂಕವನ್ನೂ ಹೊಸ ಚಾನೆಲ್ಲನ್ನೂ ಸೇರಿಸಿ, ಸೇರಿಸಿದವರ ಹೆಸರಿನ ಮೊದಲಕ್ಷರವನ್ನೂ ಆ ದಿನವನ್ನೂ ಅಂಚಿನಲ್ಲಿ ಹಾಕಬೇಕು. ಕಡತದ ಒಂದು ಪ್ರತಿ ಮುಂಬಯಿಯಲ್ಲಿದ್ದರೆ ಇನ್ನೊಂದು ಪುಣೆಯಲ್ಲೋ ಪಣಜಿಯಲ್ಲೋ ಬೇರೆಯವರ ಮನೆಯಲ್ಲಿರಲಿ. ಎರಡನ್ನೂ ವರ್ಷಕ್ಕೊಮ್ಮೆ ತೆರೆದು, ಕಡತಗಳು ಇನ್ನೂ ಓದಲು ಬರುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.